ಹೊಳೆ ಬರುವ ಸುದ್ದಿ

ಹೋಗಬೇಡಿ ಎಂದು ಯಾರಾದರೂ ಹೇಳಿದರೆ ಒಮ್ಮೆ ಹೋಗಿ ನೋಡಿಬರೋಣ ಅನ್ನಿಸುವುದು ನನ್ನೊಬ್ಬನ ಚಪಲ ಎಂದುಕೊಂಡಿದ್ದೆ. ಇಡೀ ಹೊಳೆನರಸೀಪುರಕ್ಕೇ ಆ ಚಪಲ ಇದೆಯೆಂದು ತಿಳಿದದ್ದು ಹೇಮಾವತಿ ಉಕ್ಕಿದ ಒಂದು ಆಷಾಢದಲ್ಲಿ.

ಆಗಿನ್ನೂ ಹೊಳೆಗೆ ಅಣೆಕಟ್ಟೆ ಇರಲಿಲ್ಲ. ಸಕಲೇಶಪುರದ ಕಡೆ ಮಳೆ ಜಡಿದರೆ ನಮ್ಮ ತಾಲ್ಲೂಕು ಕಚೇರಿಗೆ ತಂತಿ ಬರುತ್ತಿತ್ತು. ಅಮಲ್ದಾರರು ಅದನ್ನು ಓದಿ ತೋಟಿಯನ್ನು ಕರೆಸುವರು, ಅವನು ತಮಟೆ ಬಡಿಯುತ್ತ ಬೀದಿ ಬೀದಿ ಸಾರುವನು: "ಒಳೆ ಏರ್ತಾ ಅದೆ, ಯಾರೂ ಒಳೆ ದಿಕ್ಕೆ ಓಗ್‌ಬ್ಯಾಡೀ!" ರೇಡಿಯೋ ಇದ್ದವರ ಮನೆಯಲ್ಲಿ ಹವಾಮಾನ ವರದಿಯೂ ಕೇಳುತ್ತಿತ್ತು. ಆದರೆ ಅದು 'ಅಲ್ಲಲ್ಲಿ ಮಳೆ' ಎನ್ನುತ್ತಿತ್ತೇ ಹೊರತು ನಮ್ಮ ಬೀದಿಯ ಹೆಸರು ಹೇಳುತ್ತಿರಲಿಲ್ಲ. ತಮಟೆಯಾದರೋ ಬಾಗಿಲಿಗೇ ಬರುತ್ತಿತ್ತು. ಅದು ಕೇಳಿದ್ದೇ ತಡ, ಊರಿಗೆ ಊರೇ ಹೊಳೆಯ ಕಡೆ ಹೊರಡುತ್ತಿತ್ತು! ಗಂಡಸರು ನೋಡಲು, ಹೆಂಗಸರು ಪೂಜೆಗೆ. ತುಂಬಿ ಬಂದ ಗಂಗೆಗೆ ಅರಿಸಿನ ಕುಂಕುಮ ಕೊಡದೆ ಮನೆಯಲ್ಲಿ ಕೂರುವುದೆಂದರೇನು?

ಆ ದಿನ ನಾನು ಹೋಗುವಷ್ಟರಲ್ಲಿ ನಮ್ಮವ್ವ ತಟ್ಟೆ ಹಿಡಿದು ಸೋಪಾನಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿದ್ದಳು. ಕೆಂಪು ನೀರು ಪಾದ ಮುಟ್ಟುತ್ತಿತ್ತು. ಹಿಡಿದೆಳೆಯೋಣವೆಂದರೆ ಪಾಚಿ ಕಟ್ಟಿದ ಮೆಟ್ಟಿಲು. ಜಾರಿದರೆ ಇಬ್ಬರೂ ಹೋದೆವು. ತಂತಿ, ಅಮಲ್ದಾರರು ಎಂದೆಲ್ಲ ಮೇಲಿನಿಂದ ಕೂಗಿದೆ. ನಿಜ ಹೇಳುತ್ತೇನೆ, ಬಹಳ ಹೆದರಿದ್ದೆ.

"ಸುಮ್ನಿರ್ಲಾ! ತಾಯಿ ಬತ್ತಾವ್ಳೆ, ಎದ್ರುಗೊಳ್ದೆ ಓಗಾಕಾಯ್ತದಾ?" ಎಂದಳು ಅವ್ವ.

ನನ್ನ ಹಿಂದೆಯೇ ಓಡಿಬಂದಿದ್ದ ನನ್ನ ಹೆಂಡತಿ ಚನ್ನರಾಯಪಟ್ಟಣದ ಕಡೆಯವಳು. ಕೆರೆ ಕಂಡವಳೇ ಹೊರತು ಹೊಳೆ ಕಂಡವಳಲ್ಲ. ಅವಳು ಕೂಗಿದಳು: "ಅತ್ತೆಮ್ಮಾ, ತಾಯಿ ನಮ್ ಬೀದೀಗೇ ಬತ್ತಾವ್ಳಂತೆ! ಬಾಗ್ಲಿಗೆ ನೀರಾಕಿಲ್ಲ, ರಂಗೋಲಿ ಬುಟ್ಟಿಲ್ಲ. ಮನೇಲಿ ಯಾರೂ ಇಲ್ದಿದ್ರೆ ಏನಂದ್ಕೊಂಡಾಳು?"

ಅವ್ವ ಸೆರಗು ಸಿಕ್ಕಿಸಿಕೊಂಡು ಸರಸರನೆ ಹತ್ತಿಬಂದಳು. ಮೇಲೆ ಬಂದು ತಿರುಗಿ ನೋಡಿದರೆ ಆ ಮೆಟ್ಟಿಲು ಕಾಣಲಿಲ್ಲ.

ಎಚ್ಚರಿಕೆ ಕೊಡುವವರು ಅಪಾಯ ಎಲ್ಲಿದೆಯೆಂದು ಹೇಳಿ ಸುಮ್ಮನಾಗುತ್ತಾರೆ. ಕೇಳಿದವರ ಕೈಗೊಂದು ಕೆಲಸವನ್ನೂ ಕೊಡಬೇಕು. ಬರಿಗೈಯಲ್ಲಿ ಹೆದರಿಕೊಂಡು ಕೂರುವುದು ಯಾರಿಗೆ ತಾನೇ ಒಗ್ಗುತ್ತದೆ?

ಅವ್ವ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಜಗುಲಿಯಲ್ಲಿ ಕಾದಳು. ಹೊಳೆ ಕೆಳಗಿನ ಬೀದಿಯವರೆಗೆ ಬಂದು ಸಂಜೆಗೆ ಇಳಿದುಹೋಯಿತು. "ಅಲ್ಲೀಗಂಟ ಬಂದವ್ಳು ನಮ್ಮನೇಗೆ ಬರ್ನಿಲ್ವಲ್ಲಾ" ಎಂದು ಸೊಸೆಯ ಮೇಲೆ ಮುನಿಸಿಕೊಂಡು ಊಟ ಬಿಟ್ಟಳು. ಎದುರಿಗೆ ಕೂತು ಆ ಮುನಿಸನ್ನು ಕಣ್ತುಂಬ ನೋಡುತ್ತ ನಾನು ಒಂದು ಮುದ್ದೆ ಹೆಚ್ಚಿಗೇ ಉಂಡೆ.