ಡೆವಲಪರ್‌ಗೆ ನಿಜವಾದ ಶ್ರದ್ಧಾಂಜಲಿ

ಕೊರೋನಾ ಮುಗಿದು ಜನ ಮಾಸ್ಕನ್ನು ಮರೆತ ಮೇಲಿನ ಮಾತು. ನಾನಾಗ ಶಹಾಪುರದ ನಮ್ಮ ಮನೆಯಲ್ಲಿ ಕೂತೇ ಹೈದರಾಬಾದಿನ ಒಂದು ಸಣ್ಣ ಮೊಬೈಲ್ ಗೇಮ್ ಕಂಪನಿಗೆ ಕಮ್ಯುನಿಟಿ ಮಾಡರೇಟರ್ ಆಗಿದ್ದೆ. ಈಗಲೂ ಅದೇ ಕೆಲಸ. ಹೆಸರು ದೊಡ್ಡದು, ಕೆಲಸ ಇಷ್ಟೇ: ಆಟ ಆಡುವವರು ಚಾಟ್ ಗುಂಪಿನಲ್ಲಿ ಬರೆದದ್ದನ್ನೆಲ್ಲ ಓದಬೇಕು, ಹೊಲಸು ಮಾತು ಅಳಿಸಬೇಕು, ಉಳಿದದ್ದನ್ನು ದೂರು, ತಮಾಷೆ, ಅನಿಸಿಕೆ ಎಂದು ವಿಂಗಡಿಸಿ ವಾರಕ್ಕೊಮ್ಮೆ ವರದಿ ಕಳಿಸಬೇಕು. ಅದಕ್ಕೂ ಮುಂಚೆ ಹೈದರಾಬಾದಿನಲ್ಲಿ ವರ್ಷಾನುಗಟ್ಟಲೆ ಕಸ್ಟಮರ್ ಕೇರ್‌ನಲ್ಲಿ ದುಡಿದವಳು ನಾನು. ಮಂದಿಯ ಸಿಟ್ಟು ಕೇಳಿ ಕೇಳಿ ಮನಸ್ಸು ಜಡ್ಡುಗಟ್ಟಿತ್ತು. ಯಾರಾದರೂ ನನ್ನ ಅಪ್ಪ ಅಮ್ಮನನ್ನು ಎಳೆದು ಬೈದರೂ ಅದರಲ್ಲಿ ಕಾಗುಣಿತ ತಪ್ಪಿದ್ದರೆ ಮಾತ್ರ ಕಿರಿಕಿರಿಯಾಗುತ್ತಿತ್ತು.

ಆಟದ ಹೆಸರು ‘ವಸ್ತಿ ಬಸ್ಸು’. ಸಂಜೆ ಹೊರಟು, ರಾತ್ರಿ ಹಳ್ಳಿಯಲ್ಲೇ ತಂಗಿ, ಬೆಳಿಗ್ಗೆ ಜನರನ್ನು ತುಂಬಿಕೊಂಡು ಬರುವ ಸರ್ಕಾರಿ ಬಸ್ಸಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಆಡುವವನೇ ಡ್ರೈವರ್. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಅಲ್ಲಿಂದ ಕೆಂಭಾವಿ, ಎಲ್ಲ ರಸ್ತೆಯೂ ಅದರ ತಗ್ಗುಗಳ ಸಮೇತ ಆಟದಲ್ಲಿದೆ. ಇದನ್ನು ಕಟ್ಟಿದ ಡೆವಲಪರ್ ಕೆಂಭಾವಿಯ ಮೌನೇಶ, ಒಬ್ಬನೇ. ತಂದೆ ಇಲ್ಲ, ತಾಯಿ ಹೊಲದ ಕೂಲಿಗೆ ಹೋಗಿ ಓದಿಸಿದವಳು. ಕಂಪನಿ ಆಟವನ್ನು ಕೊಂಡು ಅವನನ್ನೂ ಕೆಲಸಕ್ಕಿಟ್ಟುಕೊಂಡಿತು. ಅವನು ಊರು ಬಿಡಲಿಲ್ಲ. ನಾನು ಅವನನ್ನು ಎದುರಿಗೆ ಕಂಡವಳಲ್ಲ, ನಮ್ಮದೆಲ್ಲ ಫೋನಿನ ಮಾತು.

ಆ ಗುಂಪಿನಲ್ಲಿ ಒಳ್ಳೆಯ ಅನಿಸಿಕೆಗಳೂ ಬರುತ್ತಿದ್ದವು. ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುವ ಒಬ್ಬ ಬರೆದಿದ್ದ: ‘ಶಿಫ್ಟ್ ಬಿಟ್ಟ ಮ್ಯಾಲ ನಮ್ಮೂರಿಗಿ ಬಸ್ಸಿಲ್ಲ. ಆಟದಾಗರ ಊರಿಗಿ ಹೋಗಿ ಬಂದು ಮಲಗ್ತೀನಿ.’ ಆದರೆ ಇಂಥವು ಅಪರೂಪ. ಹೆಚ್ಚಿನದೆಲ್ಲ ಡೆವಲಪರ್‌ನ ಗೇಲಿ. ಸುರಪುರದ ಏರಿಳಿತದ ರಸ್ತೆಯಲ್ಲಿ ಬ್ರೇಕ್ ಹಿಡಿಯುತ್ತಿರಲಿಲ್ಲ. ಆಟದಲ್ಲಿನ ಇಂಥ ತಪ್ಪಿಗೆ ಬಗ್ ಎನ್ನುತ್ತಾರೆ, ಅದನ್ನು ತಿದ್ದಿ ಕಳಿಸುವ ಹೊಸ ಕಂತಿಗೆ ಅಪ್‌ಡೇಟ್. ಬಗ್ ಕಂಡರೆ ಸಾಕು, ‘ಡೆವಲಪರ್ ಸಾಹೇಬ್ರು ಲೈಸೆನ್ಸ್ ಎಲ್ಲಿ ಖರೀದಿ ಮಾಡ್ಯಾರ?’, ‘ಬ್ರೇಕ್ ಹಚ್ಚೋದ್ ಮರ್ತು ಹಾರ್ನ್ ಅಷ್ಟೇ ಹಚ್ಚ್ಯಾನ’ ಎಂದು ಶುರುವಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು ಶ್ರದ್ಧಾಂಜಲಿಯ ತಮಾಷೆ. ನಮ್ಮ ಕಡೆ ಬೀದಿ ತಿರುವಿಗೊಂದು ಫ್ಲೆಕ್ಸ್ ಬ್ಯಾನರ್ ಇದ್ದೇ ಇರುತ್ತದೆ, ಒಂದೋ ಹುಟ್ಟುಹಬ್ಬದ್ದು, ಇಲ್ಲವೇ ಭಾವಪೂರ್ಣ ಶ್ರದ್ಧಾಂಜಲಿಯದ್ದು. ಸುರಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ಯೂಸುಫ್ ಎಂಬಾತ ಗುಂಪಿನಲ್ಲಿ ‘ಖಾಲಿಪೀಲಿ ಕಂಡಕ್ಟರ್’ ಎಂಬ ಹೆಸರಿನಲ್ಲಿದ್ದ. ಅಪ್‌ಡೇಟ್ ತಡವಾದಾಗಲೆಲ್ಲ ಅವನು ಅದೇ ಮಾದರಿಯ ಪೋಸ್ಟರ್ ಮಾಡಿ ಹಾಕುತ್ತಿದ್ದ. ಮೌನೇಶನ ಫೋಟೋ, ಅದಕ್ಕೊಂದು ಹಾರ, ಕೆಳಗೆ ‘ಮತ್ತೆ ಹುಟ್ಟಿ ಬಾ ಅಣ್ಣಾ, ಬ್ರೇಕ್ ಸಮೇತ. ದುಃಖತಪ್ತರು: ಸುರಪುರ ಇಳಿಜಾರಿನಲ್ಲಿ ಉರುಳಿದ ಸಮಸ್ತ ಪ್ರಯಾಣಿಕರು.’

ಮೊದಲ ಸಲ ನೋಡಿದಾಗ ಅಳಿಸಲೇ ಎಂದು ಮೌನೇಶನನ್ನು ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ. ‘ಬ್ಯಾಡ್ರಿ ಅಕ್ಕಾರ. ಬೈತಾರಂದ್ರ ಆಡಾಕತ್ತಾರ ಅಂತ ಅರ್ಥ. ಸುಮ್ಮಾದ್ರಂದ್ರ ನನಗ ಅಂಜಿಕಿ ಬರ್ತದ’ ಎಂದ. ಅಷ್ಟೇ ಅಲ್ಲ, ಗುಂಪಿನಲ್ಲಿ ತಾನೇ ಬರೆದ: ‘ಈ ಫೋಟೋ ಭಾಳ ಹೊಲಸ್ ಅದ. ಸಾಯೋದ್ ಸಾಯ್ತೀನಿ, ಚಂದ ಕಾಣ್ಲಿ, ಇದನ್ನ ಹಾಕ್ರಿ.’ ಬಿಳಿ ಅಂಗಿ ತೊಟ್ಟು, ಕೂದಲು ಬಾಚಿಕೊಂಡು ತೆಗೆಸಿಕೊಂಡ ಒಂದು ಫೋಟೋ ಕೊಟ್ಟ. ಮುಂದಿನ ಪೋಸ್ಟರ್‌ಗಳಲ್ಲೆಲ್ಲ ಅದೇ ಫೋಟೋ.

ಜೋಳದ ರಾಶಿಯ ದಿನಗಳಲ್ಲಿ ಒಂದು ದೊಡ್ಡ ಅಪ್‌ಡೇಟ್ ಬರಬೇಕಿತ್ತು. ಅದರ ಮುಂಚಿನ ವಾರ ಮೌನೇಶ ಫೋನ್ ಮಾಡಿ, ಮೈಯಲ್ಲಿ ಆರಾಮಿಲ್ಲ, ಸ್ವಲ್ಪ ತಡವಾಗುತ್ತದೆ ಎಂದ. ದನಿ ಸಣ್ಣಗಾಗಿತ್ತು. ತಡವಾಗುತ್ತದೆ ಎಂದಷ್ಟೇ ಗುಂಪಿಗೆ ತಿಳಿಸಿದೆ. ಪೋಸ್ಟರ್‌ಗಳು ಬಂದವು. ಆಮೇಲೆ ಅವನ ಫೋನ್ ಹತ್ತಲಿಲ್ಲ. ಕಾಮಾಲೆಯಾಗಿತ್ತು, ಊರ ಔಷಧಿಯಲ್ಲೇ ದಿನ ಕಳೆದು ಕೊನೆಗೆ ಕಲಬುರಗಿಗೆ ಒಯ್ದಿದ್ದರು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಅವನ ನಂಬರಿನಿಂದಲೇ ಒಂದು ಮಧ್ಯಾಹ್ನ ಫೋನ್ ಬಂತು. ಹೆಣ್ಣುದನಿ. ‘ನಾನು ಮೌನೇಶನ ಅಕ್ಕ ನಾಗಮ್ಮ ಮಾತಾಡಾಕತ್ತೀನ್ರಿ. ತಮ್ಮ ತೀರಿಕೊಂಡಾನ್ರಿ. ನಿನ್ನಿ ಮಣ್ಣಾತು.’

ಗುಂಪಿನವರು ಯಾರೋ ಹೆಣ್ಣುಮಗಳ ಕೈಲಿ ಮಾತಾಡಿಸುತ್ತಿದ್ದಾರೆ ಎಂದುಕೊಂಡೆ. ‘ಇಂಥಾ ಆಟ ಭಾಳ ನೋಡೀನವ್ವಾ, ಫೋನ್ ಇಡು’ ಎಂದೆ. ಆಕೆ ಇಡಲಿಲ್ಲ. ಅಳಲೂ ಇಲ್ಲ. ‘ಆಟ ಅಲ್ರಿ ಅಕ್ಕಾರ. ಕಂಪನಿಗಿ ತಿಳಸ್ರಿ’ ಎಂದಳು. ಹಿಂದೆ ಯಾರೋ ಮುದುಕಿ ಒಂದೇ ರಾಗದಲ್ಲಿ ನರಳುವುದು ಕೇಳಿತು. ನಂಬಿದೆ. ಕಂಪನಿಗೆ ತಿಳಿಸಿದೆ. ಅಳು ಬರಬೇಕಿತ್ತು, ಬರಲಿಲ್ಲ. ವಾರದ ವರದಿ ಅರ್ಧವಾಗಿತ್ತು, ಅದನ್ನು ಮುಗಿಸಿದೆ.

ಹೈದರಾಬಾದಿನಿಂದ ಸಂತಾಪದ ಒಂದು ಚಿತ್ರ ಮಾಡಿ ಕಳಿಸಿದರು. ಅವರ ಬಳಿ ಇದ್ದದ್ದು ಅದೇ ಬಿಳಿ ಅಂಗಿಯ ಫೋಟೋ. ಗುಂಪಿನಲ್ಲಿ ಹಾಕಿದೆ. ಹಾಕಿ ಕೈ ತೆಗೆಯುವುದರೊಳಗೆ ನಗುವ ಮುಖಗಳು ಸುರಿಯತೊಡಗಿದವು. ಕಣ್ಣಲ್ಲಿ ನೀರು ಬರುವಷ್ಟು ನಗುವ ಆ ಹಳದಿ ಮುಖ ಎಲ್ಲರಿಗೂ ಗೊತ್ತಲ್ಲ, ಅದೇ. ‘ಕಂಪನಿಯವ್ರೂ ಮಜಾಕ್ ಕಲ್ತಾರಲೇ!’, ‘ಈ ಸಲದ ಪೋಸ್ಟರ್ ಖಡಕ್ ಅದ’, ‘ಅಣ್ಣಾ, ಮ್ಯಾಲ ನೆಟ್‌ವರ್ಕ್ ಸಿಗ್ತದೇನು? ಅಪ್‌ಡೇಟ್ ಬಿಡು.’ ಇದು ನಿಜ, ನಗಬೇಡಿ ಎಂದು ಬರೆದೆ. ‘ಅಡ್ಮಿನ್ ಅಕ್ಕನೂ ಪಾರ್ಟಿ ಸೇರ್ಯಾಳ’ ಎಂದರು. ಚಿತ್ರವನ್ನೇ ಅಳಿಸಿದೆ. ಆಗ ಇನ್ನೂ ಕೆಟ್ಟಿತು. ಸಿಕ್ಕಿಬಿದ್ದು ಅಳಿಸಿದರು ಎಂದು ಅದನ್ನೇ ಎತ್ತಿಕೊಂಡು ಹತ್ತು ಬಗೆಯಲ್ಲಿ ತಿದ್ದಿ ಹಾಕಿದರು. ಅವರನ್ನು ಬೈಯುವುದಕ್ಕೂ ನನಗೆ ಮನಸ್ಸು ಬರಲಿಲ್ಲ. ಸತ್ತವನು ತಾನೇ ಕೊಟ್ಟ ಫೋಟೋ ಅದು.

ಮರುದಿನ ನಾಗಮ್ಮ ಮತ್ತೆ ಫೋನ್ ಮಾಡಿದಳು. ಮೌನೇಶನ ಫೋನು ತಾಯಿಯ ತಲೆದಿಂಬಿನ ಹತ್ತಿರವೇ ಇದೆಯಂತೆ. ಗುಂಪಿನಲ್ಲಿ ಆಟ ಆಡುವವರು ಯಾರೇ ಬರೆದರೂ ಅದು ಬಸ್ಸಿನ ಹಾರ್ನಿನಂತೆ ಕೂಗುತ್ತದೆ, ಅವನೇ ಹಾಗೆ ಇಟ್ಟುಕೊಂಡಿದ್ದ. ಹಾರ್ನ್ ಆದಾಗೆಲ್ಲ ತಾಯಿ ‘ಏನಂತಾರ?’ ಎಂದು ಕೇಳುತ್ತಾಳೆ. ಭಾಳ ನೆನೆಸಲಾಕತ್ತಾರವ್ವ ಎಂದು ಇವಳು ಸುಳ್ಳು ಹೇಳುತ್ತಾಳೆ.

‘ಅವ್ವಗ ಓದಾಕ ಬರಂಗಿಲ್ರಿ. ಆದ್ರ ಆ ಹಳದಿ ಮಾರಿ ನೋಡಿದ್ರ ತಿಳೀತದಲ್ರಿ? ನಿನ್ನಿ ಫೋನ್ ಹಿಡಕೊಂಡು, ಇವ್ರ್ಯಾಕ ನಗಾಕತ್ತಾರ ಅಂದ್ಳು. ಅಳು ಅದವ್ವ, ಕಣ್ಣೀರು ಕಾಣವಲ್ದೇನು ಅಂದೀನಿ. ಎಷ್ಟ ದಿನ ನಂಬ್ತಾಳ್ರಿ? ನಿಲ್ಲಸ್ರಿ ಅಕ್ಕಾರ, ಕೈ ಮುಗೀತೀನಿ.’

ಮ್ಯಾನೇಜರ್‌ಗೆ ಹೇಳಿದೆ. ಗುಂಪನ್ನೇ ಕೆಲವು ದಿನ ಬಂದ್ ಮಾಡೋಣ ಎಂದರು. ನನಗೂ ಅದೇ ಸರಿ ಅನ್ನಿಸಿತು. ನಾಗಮ್ಮ ಒಪ್ಪಲಿಲ್ಲ. ‘ಬಂದ್ ಮಾಡಿದ್ರ ಹಾರ್ನ್ ನಿಲ್ತದಲ್ರಿ. ಆ ಸಪ್ಪಳ ಕೇಳೇ ಅವ್ವ ಎರಡು ತುತ್ತು ಉಣ್ಣಾಕತ್ತಾಳ’ ಎಂದಳು. ಅಂದರೆ ಮಂದಿ ಬರೆಯುತ್ತಿರಬೇಕು, ನಗು ಮಾತ್ರ ನಿಲ್ಲಬೇಕು. ನನ್ನ ಕೈಯಲ್ಲಿದ್ದದ್ದು ಅಳಿಸುವ ಗುಂಡಿ, ಗುಂಪಿನಿಂದ ಹೊರಹಾಕುವ ಗುಂಡಿ. ಎರಡರಿಂದಲೂ ಇದು ಆಗುವ ಕೆಲಸವಲ್ಲ. ಅವರು ನಂಬಬೇಕಿತ್ತು.

ಯೂಸುಫ್‌ನ ನಂಬರ್ ಹುಡುಕಿ ಫೋನ್ ಮಾಡಿದೆ. ಮೊದಲು ಅವನೂ ನಕ್ಕ. ‘ಏ ಹೋಗ್ರಿ ಅಕ್ಕಾರ, ನನ್ನ ಪೋಸ್ಟರ್ ನನಗೇ ತೋರಸ್ತೀರೇನು?’ ನನಗೆ ಸಿಟ್ಟು ಬಂತು. ಎಷ್ಟೋ ದಿನಗಳ ಮೇಲೆ ಬಂದ ಸಿಟ್ಟು ಅದು. ‘ಸುರಪುರದಾಗ ಕುಂತು ಹಲ್ಲು ಕಿಸಿಬ್ಯಾಡ. ಗಾಡಿ ತಗೊಂಡು ಕೆಂಭಾವಿಗಿ ಹೋಗು. ಅವರ ಮನಿ ನೋಡಿ ಬಂದು ಆಮ್ಯಾಲ ನಗು’ ಎಂದು ಫೋನ್ ಇಟ್ಟೆ.

ಅವನು ಹೋದ. ಸಂಜೆ ಹೊತ್ತಿಗೆ ಗುಂಪಿನಲ್ಲಿ ಅವನದೊಂದು ಫೋಟೋ ಬಂತು. ಮೌನೇಶನ ಓಣಿಯ ಬಾಯಲ್ಲಿ ಲೈಟಿನ ಕಂಬಕ್ಕೆ ಕಟ್ಟಿದ ನಿಜವಾದ ಫ್ಲೆಕ್ಸ್. ಅದೇ ಬಿಳಿ ಅಂಗಿ. ಕೆಳಗೆ ತಾಯಿ, ಅಕ್ಕ, ಮಾವಂದಿರು, ಓಣಿಯ ಗೆಳೆಯರ ಹೆಸರು, ಮೂಲೆಯಲ್ಲಿ ಪ್ರಿಂಟ್ ಮಾಡಿದ ಅಂಗಡಿಯ ವಿಳಾಸ. ಮೊಬೈಲಿನ ಚಿತ್ರವನ್ನು ಯಾರು ಬೇಕಾದರೂ ಮಾಡುತ್ತಾರೆ. ಆದರೆ ಬದುಕಿದ್ದವನ ಶ್ರದ್ಧಾಂಜಲಿ ಫ್ಲೆಕ್ಸನ್ನು ಅವನ ಓಣಿಯಲ್ಲೇ ಕಟ್ಟುವವರು ನಮ್ಮ ಸೀಮೆಯಲ್ಲಿ ಇಲ್ಲ. ಫ್ಲೆಕ್ಸಿನ ಪಕ್ಕ ಯೂಸುಫ್ ನಿಂತಿದ್ದ. ಗುಂಪಿನಲ್ಲಿ ಅದುವರೆಗೆ ಯಾರೂ ಅವನ ಮುಖ ನೋಡಿರಲಿಲ್ಲ. ನಲವತ್ತು ದಾಟಿದ, ಗಡ್ಡ ನೆರೆತ ಮನುಷ್ಯ. ಅತ್ತು ಮುಖ ಊದಿತ್ತು. ಕೆಳಗೆ ಒಂದೇ ಸಾಲು: ‘ಖರೇನೇ ಹೋಗ್ಯಾನ. ನಾನೇ ಖಾಲಿಪೀಲಿ ಕಂಡಕ್ಟರ್.’

ನಗು ನಿಂತಿತು. ಹಳೆಯ ನಗುವ ಮುಖಗಳನ್ನು ಒಬ್ಬೊಬ್ಬರೇ ವಾಪಸ್ ತೆಗೆದುಕೊಂಡರು. ಪೋಸ್ಟರ್‌ಗಳನ್ನು ಅವರವರೇ ಅಳಿಸಿಕೊಂಡರು. ಆಮೇಲೆ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಒಂದು ಸಂತಾಪದ ಮಾತೂ ಇಲ್ಲ. ಅಷ್ಟು ವರ್ಷದಲ್ಲಿ ಓದುವುದಕ್ಕೆ ಏನೂ ಇಲ್ಲದೆ ನಾನು ಕೂತದ್ದು ಅದೇ ಮೊದಲು. ಕಂಪ್ಯೂಟರ್ ಮುಂದೆ ಕೂತೆ, ಎದ್ದೆ, ಬಟ್ಟೆ ಮಡಚಿದೆ, ಮತ್ತೆ ಕೂತೆ. ಕೆಲಸ ಗೆದ್ದೆನೆಂದು ಖುಷಿಯೂ ಇಲ್ಲ, ದುಃಖವೂ ಇಲ್ಲ.

ಮೂರನೆಯ ಸಲ ನಾಗಮ್ಮನ ಫೋನ್ ಬಂತು. ‘ಅಕ್ಕಾರ, ನಗೋದು ನಿಂತದ್ರಿ, ನಿಮ್ಮ ಪುಣ್ಯಾ. ಆದ್ರ ಹಾರ್ನೂ ನಿಂತದ್ರಿ. ಫೋನ್ ಕೆಟ್ಟದೇನು, ಅಂಗಡಿಗಿ ಒಯ್ದು ರಿಪೇರಿ ಮಾಡಿಸ್ಕೊಂಡು ಬಾ ಅಂತ ಅವ್ವ ಜೀವಾ ತಿನ್ನಾಕತ್ತಾಳ. ಊಟಾನೂ ಬಿಟ್ಟಾಳ.’

ಯೂಸುಫ್‌ಗೆ ಹೇಳಿದೆ, ಏನಾದರೂ ಬರೆ ಎಂದು. ‘ಯಾವ ಬಾಯಿಲೆ ಬರೀಲ್ರಿ?’ ಎಂದ. ಉಳಿದವರದೂ ಅದೇ ಗತಿ. ಇನ್ನೊಬ್ಬರ ಮಾತು ಅಳಿಸುವುದೇ ನನ್ನ ಕಸುಬು, ಮಾತಾಡಿ ಎಂದು ಯಾರನ್ನೂ ಬೇಡಿದವಳಲ್ಲ. ಅವತ್ತು ಬೇಡಿದೆ. ‘ಮೌನೇಶನ ತಾಯಿ ಫೋನ್ ಹಿಡಿದುಕೊಂಡು ಕೂತಿದ್ದಾರೆ. ನೀವು ಬರೆದರೆ ಅವರಿಗೆ ಹಾರ್ನ್ ಕೇಳುತ್ತದೆ. ಸಂತಾಪ ಬೇಡ. ಮೊದಲು ಏನು ಬರೆಯುತ್ತಿದ್ದಿರೋ ಅದನ್ನೇ ಬರೆಯಿರಿ’ ಎಂದು ಗುಂಪಿನಲ್ಲಿ ಹಾಕಿದೆ. ಹಾಕಿ ನಾಗಮ್ಮನ ಸ್ವಂತ ನಂಬರಿಗೆ ಫೋನ್ ಮಾಡಿದೆ. ಆಕೆ ತಾಯಿಯ ಪಕ್ಕದಲ್ಲೇ ಇದ್ದಳು. ಇಬ್ಬರೂ ಫೋನ್ ಇಡದೆ ಕಾದೆವು.

ಬಹಳ ಹೊತ್ತಿನ ಮೇಲೆ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಹತ್ತಿಕುಣಿಯವನು, ಬರೆಯುವುದೇ ಅಪರೂಪ. ಅದೇ ಕ್ಷಣ ಕೆಂಭಾವಿಯಲ್ಲಿ ಹಾರ್ನ್ ಆದದ್ದು ನನಗೆ ಫೋನಿನಲ್ಲಿ ಕೇಳಿತು.

‘ಏನಂತಾರ?’ ತಾಯಿಯ ದನಿ.

ನಾಗಮ್ಮ ಈ ಸಲ ಸುಳ್ಳು ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿದಳು. ‘ಯಣ್ಣಾ, ನಮ್ಮೂರ ಕೆರಿ ಏರಿ ಮ್ಯಾಲ ಬಸ್ಸು ಅರ್ಧ ನೆಲದಾಗ ಹೋಗಿ ಸಿಕ್ಕೊಂಡದ. ಮಂದಿ ಒಳಗ ಕುಂತಾರ. ಜಲ್ದಿ ಬಂದು ತಗೀರಿ.’

‘ಅಂವಾ ಇಲ್ಲಂತ ಗೊತ್ತಿಲ್ಲೇನು ಅವ್ರಿಗಿ?’

‘ಗೊತ್ತದವ್ವ.’

‘ಮತ್ಯಾಕ ಅಂವಗ ಬರದಾರ?’

ಅಷ್ಟರಲ್ಲಿ ಮತ್ತೆ ಹಾರ್ನ್ ಆಯಿತು. ಆಮೇಲೆ ಒಂದರ ಹಿಂದೊಂದು. ‘ಇವಷ್ಟೂ ಓದ್ಲೇನವ್ವಾ?’ ಎಂದಳು ನಾಗಮ್ಮ.

‘ಬ್ಯಾಡ. ಬರೀಲಿ ಬಿಡು.’

ತಟ್ಟೆ ಎಳೆದುಕೊಂಡ ಸಪ್ಪಳ ಕೇಳಿತು. ನಾನು ಫೋನ್ ಇಟ್ಟೆ. ಯಾವ ಮಾತನ್ನು ಅಳಿಸಬೇಕು ಎಂಬುದನ್ನು ಮಾಡರೇಟರ್‌ಗಳಿಗೆ ಕಂಪನಿ ಕಲಿಸುತ್ತದೆ. ಮಾತನ್ನು ಹಾಗೇ ಬಿಡುವುದೂ ಈ ಕೆಲಸವೇ ಎಂಬುದನ್ನು, ಒಂದಕ್ಷರ ಓದಲು ಬಾರದ ಆ ತಾಯಿಯಿಂದ ಕಲಿತೆ. ಇವತ್ತಿಗೂ ಅವನಿಗೆ ಮೆಸೇಜ್‌ಗಳು ಬರುತ್ತವೆ. ನಾನು ಓದುತ್ತೇನೆ, ಮುಟ್ಟುವುದಿಲ್ಲ.