ಬಂದೂಕಿಗೆ ಅಂಜುತ್ತಿದ್ದ ಭೀಮರಾಯ ಮಾವ

ಭೀಮರಾಯ ಮಾವ ತಮ್ಮ ಬಂದೂಕಿಗೆ ತಾವೇ ಅಂಜುತ್ತಿದ್ದರು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತು, "ನನಗ ತೋಳಕ್ಕ ಅಂಜಿಕಿಲ್ಲ, ಹಾವಿಗಿ ಅಂಜಿಕಿಲ್ಲ. ಮನ್ಯಾಗಿನ ಬಂದೂಕಕ್ಕ ಅಂಜತೀನಿ ನೋಡ್ರಪಾ" ಎಂದುಬಿಡುತ್ತಿದ್ದರು. ಸುರಪುರ ಸೀಮೆಯಲ್ಲಿ ಬಂದೂಕು ಇದ್ದ ಮನೆಯ ಗಂಡಸರು ಮೀಸೆ ತಿರುವಿಯೇ ಮಾತಾಡುತ್ತಿದ್ದ ಕಾಲ ಅದು. ಮಂದಿ ನಗುತ್ತಿದ್ದರು. ಮಾವನೂ ಅವರ ಜೊತೆ ನಗುತ್ತಿದ್ದರು. ನಕ್ಕು ಮನೆಗೆ ಬಂದು, ಬಂದೂಕಿನ ಕೋಣೆಗೆ ಬೀಗ ಬಿದ್ದಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಜಗ್ಗಿ ನೋಡುತ್ತಿದ್ದರು.

ನಾನು ಶಹಾಪುರದವಳು. ಮದುವೆಯಾಗಿ ರಂಗಂಪೇಟೆಯಿಂದ ಆಚೆಗಿರುವ ಈ ಊರಿಗೆ ಬಂದಾಗ ನಮ್ಮ ಮಾವನವರು ತೀರಿಕೊಂಡು ಬಹಳ ದಿನಗಳಾಗಿರಲಿಲ್ಲ. ಭೀಮರಾಯ ಮಾವ ಅವರ ಗೆಳೆಯರು, ನಮ್ಮ ಮನೆಗೆ ಗೋಡೆ ಹಚ್ಚಿದ ಮನೆಯವರು. ನನ್ನ ಗಂಡ ಅವರನ್ನು ಕಾಕಾ ಎನ್ನುತ್ತಿದ್ದರು, ನಾನು ಮಾವ ಎನ್ನುತ್ತಿದ್ದೆ. ನಮ್ಮ ಪಡಸಾಲೆಯ ಗೂಟಕ್ಕೂ ಒಂದು ನಾಡಬಂದೂಕು ತೂಗುಬಿದ್ದಿತ್ತು. ಬಾಯಿಂದ ಮದ್ದು, ಗುಂಡು ತುಂಬಿ ಗಜವೆಂಬ ಕಬ್ಬಿಣದ ಸಲಾಕೆಯಿಂದ ಜಡಿದು ಹಾರಿಸುವಂಥದ್ದು, ಬೆಳೆ ಕಾಯಲೆಂದು ಹಿರಿಯರು ಲೈಸೆನ್ಸ್ ಮಾಡಿಸಿಕೊಂಡದ್ದು. ನಾನು ಅದರ ಕೆಳಗೇ ಕೂತು ಕಾಯಿಪಲ್ಯ ಹೆಚ್ಚುತ್ತಿದ್ದೆ.

ಒಂದು ದಿನ ಮಾವ ಮಜ್ಜಿಗೆ ಕೇಳಲು ಬಂದವರು ನನ್ನನ್ನು ಅಲ್ಲಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಶಾಂತವ್ವಾ, ಮೊದಲ ಅಲ್ಲಿಂದ ಏಳು" ಎಂದರು. ನಾನು ಏನು ತಪ್ಪಾಯಿತೋ ಎಂದು ಗಾಬರಿಯಿಂದ ಎದ್ದೆ. ಅವರು ಬಂದೂಕನ್ನು ಇಳಿಸಿ, ಅದರ ಬಾಯಿಯನ್ನು ಮೇಲಕ್ಕೆ, ಗೋಡೆಯ ಕಡೆ ವಾಲಿಸಿ ಹಿಡಿದು, ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟರು. ಅದು ನಿಂತ ಕಡೆ ಹೆಬ್ಬೆರಳು ಹಿಡಿದು ಹೊರಗೆಳೆದು, ನಳಿಗೆಯ ಪಕ್ಕಕ್ಕೆ ಇಟ್ಟು ಅಳತೆ ನೋಡಿದರು. ಗಜ ತಳದ ತನಕ ಹೋಗಿರಲೇ ಇಲ್ಲ. "ತುಂಬ್ಯದ" ಎಂದರು. "ನನ್ನ ಗೆಳ್ಯಾ ಬಾರ ತುಂಬಿ ತೂಗಹಾಕಿ ಸತ್ತಾನವ್ವ. ಅವತ್ತಿಂದ ಹಿಂಗೇ ಅದ."

ಅದೇ ಸಂಜೆ ಕಾಲುವೆಯ ಏರಿಯ ಮೇಲೆ ಅದನ್ನು ಬಯಲಿಗೆ ಹಾರಿಸಿ ಬರಿದು ಮಾಡಿದರು. ಮರುದಿನ ನಮ್ಮ ಮನೆಯವರನ್ನು ಕರೆದು, ಲೈಸೆನ್ಸ್ ತಂದೆಯ ಹೆಸರಿನಿಂದ ಮಗನ ಹೆಸರಿಗೆ ಆಗುವವರೆಗೆ ಬಂದೂಕು ಪೊಲೀಸ್ ಠಾಣೆಯಲ್ಲಿ ಇರಬೇಕೆಂದರು.

"ನಮ್ಮಪ್ಪನ ಬಂದೂಕ ಪೊಲೀಸರಿಗ್ಯಾಕ ಕೊಡ್ಲಿ ಕಾಕಾ?" ಎಂದು ಇವರು ಸಿಟ್ಟಾದರು.

"ನಿಮ್ಮಪ್ಪನ ಬಂದೂಕ ಖರೇ. ಆದ್ರ ಕಾಗದದಾಗ ನಿಮ್ಮಪ್ಪ ಇಲ್ಲ, ನೀನೂ ಇನ್ನಾ ಇಲ್ಲ. ಯಾರೂ ಇಲ್ಲದ ಬಂದೂಕ ಮನ್ಯಾಗ ಇಟ್ಕೋಬಾರದು. ನಡಿ, ನಾನೂ ಬರ್ತೀನಿ."

ಹೀಗೆ ಶುರುವಾಯಿತು ನಮ್ಮ ಮನೆಯ ಮೇಲೆ ಅವರ ಯಜಮಾನಿಕೆ. ನನಗೆ ಒಮ್ಮೊಮ್ಮೆ ಬೇಸರವೂ ಆಗುತ್ತಿತ್ತು. ಲೈಸೆನ್ಸ್ ಇವರ ಹೆಸರಿಗಾಗಿ ಬಂದೂಕು ಮನೆಗೆ ಮರಳಿದ ಮೇಲೂ, ಬಂದಾಗಲೆಲ್ಲ ಮದ್ದಿನ ಡಬ್ಬಿ ಎಲ್ಲಿದೆ, ಒಲೆಯಿಂದ ಎಷ್ಟು ದೂರವಿದೆ, ಮಕ್ಕಳ ಕೈಗೆ ನಿಲುಕುತ್ತದೆಯೇ ಎಂದು ಕೇಳುವರು. ಅವರ ಹೆಂಡತಿ ಯಂಕವ್ವತ್ತಿ ಗೋಡೆಯ ಆಚೆಯಿಂದಲೇ, "ನನಗ ಇದರಾಗ ಅರ್ಧ ಅಂಜಿದ್ರ ನನ್ನ ಬದುಕ ಬಂಗಾರ ಆಗತಿತ್ತು" ಎಂದು ಕೂಗುತ್ತಿದ್ದರು.

ಅಂಜುತ್ತಿದ್ದರೆಂದರೆ ಹಾರಿಸಲು ಬಾರದೆಂದಲ್ಲ. ಒಂದು ಸಂಜೆ ಹುಚ್ಚು ಹಿಡಿದ ತೋಳವೊಂದು ಕುರಿಹಟ್ಟಿಗೆ ನುಗ್ಗಿ ಕಂಡಕಂಡ ಕುರಿಗಳನ್ನು ಕಚ್ಚತೊಡಗಿತು. ಬಂದೂಕು ಇದ್ದ ಉಳಿದವರು ಇನ್ನೂ ಮನೆಯಲ್ಲಿ ಮದ್ದು, ಗುಂಡು ಹುಡುಕಾಡುತ್ತಿದ್ದಾಗ ಮಾವ ಬಂದು ನಿಂತಿದ್ದರು. ಮೊದಲು ತೋಳದ ಹಿಂದಿದ್ದ ಮಂದಿಯನ್ನೆಲ್ಲ ಬೈದು ಬೈದು ಪಕ್ಕಕ್ಕೆ ಸರಿಸಿದರು. ತೋಳ ಕುರಿಗಳಿಂದ ಬೇರಾಗುವ ತನಕ ಕಾದು, ಒಂದೇ ಬಾರಿಗೆ ಕೆಡವಿದರು. ಎಲ್ಲರೂ ಶಾಬಾಸ್ ಎಂದು ಮುತ್ತಿಕೊಂಡರು. ಮಾವ ಮಾತ್ರ ನೆಲದ ಮೇಲೆ ಕೂತು ನೀರು ಕೇಳಿದರು. "ಶಾಬಾಸ್ ಅನಬ್ಯಾಡ್ರಿ. ಅದರ ಹಿಂದ ಒಂದು ಕೂಸು ನಿಂತಿದ್ರ ಏನ ಅಂತಿದ್ರಿ?" ಎಂದರು.

ಕಾಲುವೆ ಬಂದ ಮೇಲೆ ನಮ್ಮ ಭಾಗದಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹಸಿರಿನ ಹಿಂದೆ ಹಂದಿಗಳೂ ಬಂದವು. ಹೆದರಿಸಿ ಓಡಿಸಲಿಕ್ಕಾದರೂ ಬಂದೂಕು ಬೇಕೇ ಬೇಕೆಂದು ರೈತರು ಹೇಳುತ್ತಿದ್ದರು. ಅದನ್ನು ಉಳಿಸಿಕೊಳ್ಳುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಹೋಯಿತು. ಮೊದಲೆಲ್ಲ ಲೈಸೆನ್ಸ್ ನವೀಕರಣಕ್ಕೆ ಗುಲಬರ್ಗಾಕ್ಕೆ ಹೋಗಬೇಕಿತ್ತು. ಊರಿನ ಬಂದೂಕಿನವರನ್ನೆಲ್ಲ ಒಟ್ಟು ಮಾಡಿ, ಬುತ್ತಿ ಕಟ್ಟಿಸಿ, ಮದುವೆಗೆ ದಿಬ್ಬಣ ಹೊರಡಿಸಿದಂತೆ ಮಾವನೇ ಹೊರಡಿಸುತ್ತಿದ್ದರು. ಚುನಾವಣೆ ಬಂತೆಂದರೆ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಉಳಿದವರಿಗೆ ಅದು ಮಾನ ಹೋದಂತೆ. ಮಾವ ಎಲ್ಲರಿಗಿಂತ ಮೊದಲು ಹೋಗಿ ಕೊಟ್ಟು, "ತವರಿಗಿ ಕಳಿಸಿ ಬಂದೀನಿ. ಇನ್ನ ಚುನಾವಣಿ ಮುಗಿಯೋತನಕ ನನಗ ನಿದ್ದಿ" ಎಂದು ಸಂತೋಷದಿಂದ ತಿರುಗಾಡುತ್ತಿದ್ದರು. ಠಾಣೆಯ ಜಮಾದಾರರನ್ನೂ ಅವರು ಬಿಡುತ್ತಿರಲಿಲ್ಲವಂತೆ. "ಬಾಯಿ ಗ್ವಾಡಿ ಕಡಿ ಮಾಡಿ ಇಡ್ರಿ ಸಾಹೇಬ್ರ" ಎಂದು ಒಳಗೆ ಇಣುಕಿ ನೋಡಿಯೇ ಬರುತ್ತಿದ್ದರಂತೆ.

ಯಾದಗಿರಿ ಜಿಲ್ಲೆಯಾಯಿತು, ಕಚೇರಿ ಹತ್ತಿರ ಬಂತು. ಕೆಲವು ವರ್ಷಗಳಾದ ಮೇಲೆ ಕಾಯದೆಯೂ ಬದಲಾಯಿತು. ಪ್ರತಿ ಲೈಸೆನ್ಸಿಗೂ ಕಂಪ್ಯೂಟರಿನಲ್ಲಿ ಒಂದು ನಂಬರು ಬೀಳಬೇಕು, ಬೀಳದಿದ್ದರೆ ಲೈಸೆನ್ಸ್ ನಡೆಯುವುದಿಲ್ಲ. ಮನೆಯಲ್ಲಿ ಬಂದೂಕನ್ನು ಭದ್ರವಾಗಿ ಬೀಗದೊಳಗೆ ಇಡುವುದಾಗಿ ಒಪ್ಪಿಕೊಡಬೇಕು. ಊರಲ್ಲಿ ದೊಡ್ಡ ಗದ್ದಲವೆದ್ದಿತು. ಸರಕಾರ ಒಂದೊಂದಾಗಿ ಎಲ್ಲ ಬಂದೂಕು ಕಸಿದುಕೊಳ್ಳುತ್ತದೆ, ನಂಬರು ಬರೆಸಿದವನೇ ಮೊದಲು ಸಿಕ್ಕಿಬೀಳುತ್ತಾನೆ ಎಂದು ಸುದ್ದಿ ಹಬ್ಬಿತು. ಬಣವೆಯಲ್ಲಿ ಬಚ್ಚಿಡುತ್ತೇನೆಂದವರೂ ಇದ್ದರು.

ಮಾವನಿಗೆ ಓದು ಬರುತ್ತಿರಲಿಲ್ಲ. ಪೇಪರಿನಲ್ಲಿ ಬಂದದ್ದನ್ನು ನನ್ನಿಂದ ಓದಿಸಿದರು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, "ಯಾಕಂತ?" ಎಂದು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಕೊನೆಗೆ, "ಇದು ನನ್ನ ಮನಸಿನಾಗಿನ ಮಾತೇ ಬರದಾರಲ್ಲವ್ವ" ಎಂದು ಎದ್ದು ಹೋದರು. ಕಡೇಚೂರಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ತಮ್ಮ ಅಳಿಯನನ್ನು ಕರೆಸಿ, ಬಂದೂಕು ಹಿಡಿಸುವ ಉದ್ದನೆಯ ಕಬ್ಬಿಣದ ಪೆಟ್ಟಿಗೆಗಳನ್ನು ಮಾಡಿಸಿದರು. ಮನೆಮನೆಗೆ ಹೋಗಿ, ಜಗಳವಾಡಿ, ನೆಲದ ಮೇಲೆ ಅಡ್ಡಲಾಗಿಟ್ಟು ಗೋಡೆಗೆ ಬೋಲ್ಟು ಹೊಡೆಸಿ ಕೂರಿಸಿದರು. ಎಲ್ಲರನ್ನೂ ಯಾದಗಿರಿಗೆ ಕರೆದೊಯ್ದು ನಂಬರು ಮಾಡಿಸಿದರು. ಬಚ್ಚಿಡುತ್ತೇನೆಂದಿದ್ದವನನ್ನೇ ಬಸ್ಸಿನಲ್ಲಿ ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಿದ್ದರು.

ನಮ್ಮ ಪೆಟ್ಟಿಗೆಗೆ ಮಾತ್ರ ಎರಡು ಕೀಲಿ ಹಾಕಿಸಿದರು. "ಇದು ಸರಕಾರದ ಕಾಯದೆ ಅಲ್ಲ, ನನ್ನ ಕಾಯದೆ" ಎಂದರು. "ಒಂದು ಕೀಲಿಕೈ ಹಣಮಂತನ ಕಡಿ, ಇನ್ನೊಂದು ಶಾಂತವ್ವನ ಕಡಿ. ಇಬ್ಬರೂ ಒಪ್ಪಿದಾಗ ತೆಗೀರಿ."

"ನನ್ನ ಮ್ಯಾಲ ಭರೋಸಾ ಇಲ್ಲೇನ್ ಕಾಕಾ?" ಎಂದರು ಇವರು.

"ನಿನ್ನ ಮ್ಯಾಲ ಅದ. ನಿನ್ನ ಸಿಟ್ಟಿನ ಮ್ಯಾಲ ಇಲ್ಲ."

ಇವರು ಮುಖ ಗಂಟು ಹಾಕಿಕೊಂಡು ಒಪ್ಪಿದರು. ನಾನು ಆ ಕೀಲಿಕೈಯನ್ನು ಉಡಿಯಲ್ಲಿ ಸಿಕ್ಕಿಸಿಕೊಂಡೆ. ಅದರಿಂದ ದೊಡ್ಡ ಕೆಲಸವೇನೋ ಆದೀತೆಂದು ನಾನು ಎಣಿಸಿರಲಿಲ್ಲ.

ಪೆಟ್ಟಿಗೆ ಬಂದ ಮೇಲಿನ ಎರಡನೇ ಬೇಸಿಗೆ. ಕಾಲುವೆಯ ನೀರಿಗೆ ಸರದಿ ಹಚ್ಚಿದ್ದರು. ನಮ್ಮ ಗದ್ದೆಯ ಮೇಲಿನದು ಮಲ್ಲಪ್ಪನದು. ಅವನು ನಮ್ಮ ಮನೆಯವರ ಸ್ವಂತ ಕಾಕಾನ ಮಗ. ನಮ್ಮ ಸರದಿಯ ದಿನ ನೀರು ಕೆಳಗಿಳಿಯಲಿಲ್ಲ. ಇವರು ಹೋಗಿ ನೋಡಿದರೆ ಮಲ್ಲಪ್ಪ ಅಡ್ಡಕಟ್ಟಿ ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಮಾತಿಗೆ ಮಾತು ಬೆಳೆಯಿತು. ಅವನು ಸತ್ತುಹೋದ ನಮ್ಮ ಮಾವನವರನ್ನು ಬಾಯಿಗೆ ಬಂದಂತೆ ಬೈದು, ಮಂದಿಯ ಮುಂದೆ ಇವರನ್ನು ಕೆಸರಿಗೆ ದೂಡಿದ.

ನಡುಮಧ್ಯಾಹ್ನ ಇವರು ಮೈತುಂಬ ಕೆಸರು ಮೆತ್ತಿಕೊಂಡು ಬಂದರು. ನನ್ನ ಕಡೆ ನೋಡದೆ ಒಳಕೋಣೆಗೆ ಹೋದರು. ಒಂದು ಕೀಲಿ ತೆರೆದ ಸದ್ದು ಕೇಳಿತು.

"ಶಾಂತಾ, ನಿನ್ನ ಕೀಲಿಕೈ ಕೊಡು."

"ಯಾಕ್ರಿ?"

"ಹಂದಿ ಬಂದಾವ."

"ಇಷ್ಟು ಬಿಸಲಾಗ ಎಂಥಾ ಹಂದಿರಿ?"

ಅವರು ಹೊರಗೆ ಬಂದರು. ಅಂಥ ಮುಖವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಕೊಡಂಗಿಲ್ಲ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅವರು ಕೈ ಎತ್ತಿದರು. ಮದುವೆಯಾಗಿ ಅಷ್ಟು ವರ್ಷವಾದರೂ ನನ್ನ ಮೇಲೆ ಎತ್ತಿರದ ಕೈ. ನಾನು ಗೋಡೆಯ ಕಡೆ ತಿರುಗಿ, "ಮಾವಾ!" ಎಂದು ಕೂಗಿದೆ.

ಮಾವ ಉಣ್ಣುತ್ತಿದ್ದವರು ಎಂಜಲಗೈಯಲ್ಲೇ ಬಂದರು. ಏನು, ಎತ್ತ ಎಂದು ಕೇಳಲಿಲ್ಲ. ಕೆಸರು ನೋಡಿದರು, ನನ್ನನ್ನು ನೋಡಿದರು, ಸೀದಾ ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

"ಏಳ್ರಿ ಕಾಕಾ."

"ಏಳಂಗಿಲ್ಲ ಹಣಮಂತ. ನನ್ನ ಎತ್ತಿ ಒಗದು ತಗೊಳ್ಳೋದಿದ್ರ ತಗೋ."

"ಎಲ್ಲಾರ ಮುಂದ ನಮ್ಮಪ್ಪಗ ಬೈದಾನ್ರಿ ಆ ಮಲ್ಲ್ಯಾ!"

"ಬೈದಿರಬೇಕು. ನಿಮ್ಮಪ್ಪ ನನ್ನ ಗೆಳ್ಯಾ, ಆ ಬೈಗುಳ ನನಗೂ ಬಡದದ. ಆದ್ರ ಅವ ಸತ್ತಾನೋ ತಮ್ಮಾ, ಅವನಿಗಿ ಏನೂ ಮುಟ್ಟಂಗಿಲ್ಲ. ಮಲ್ಲ್ಯಾ ಬದುಕ್ಯಾನ. ಅವನ ಹೆಂಡ್ತಿ ಬಸರಿ ಅದಾಳ. ನಿನ್ನ ಹೆಂಡ್ತಿ ಇಲ್ಲಿ ನಡುಗಾಕತ್ತಾಳ. ನನಗೂ ಅಂಜಿಕಿ ಆಗ್ಯದ, ನೋಡಿಲ್ಲಿ" ಎಂದು ಮಾವ ಅನ್ನ ಮೆತ್ತಿದ ತಮ್ಮ ಕೈಯನ್ನು ಮುಂದೆ ಚಾಚಿದರು. ಅದು ನಿಜಕ್ಕೂ ಅದುರುತ್ತಿತ್ತು.

ಇವರು ಆ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು ಸಣ್ಣ ಹುಡುಗನಂತೆ ಅತ್ತರು. ಇವರು ಅಳುವಷ್ಟು ಹೊತ್ತೂ ಮಾವ ಅಳಲು ಬಿಟ್ಟರು. ಪೆಟ್ಟಿಗೆಯಿಂದ ಮಾತ್ರ ಏಳಲಿಲ್ಲ. ನಾನು ತಂದ ನೀರನ್ನು ಇವರ ಕೈಗೆ ಕೊಡಿಸಿ, ತೆರೆದಿದ್ದ ಕೀಲಿಯನ್ನು ಇವರಿಂದಲೇ ಮತ್ತೆ ಹಾಕಿಸಿ, "ನಡಿ, ಈಗ ನೀರು ಬಿಡಿಸಿಕೊಂಡ ಬರೋಣು" ಎಂದು ಎಬ್ಬಿಸಿದರು.

ಗದ್ದೆಯ ಹತ್ತಿರ ಮಲ್ಲಪ್ಪನಿಗೆ ಮಾವ ಹಾಕಿದ ಬೈಗುಳವನ್ನು ಊರು ಬಹಳ ದಿನ ನೆನೆಯಿತು. ಅಡ್ಡಕಟ್ಟನ್ನು ಅವನ ಕೈಯಿಂದಲೇ ಒಡೆಸಿದರು. ಅಷ್ಟಕ್ಕೇ ಬಿಡಲಿಲ್ಲ. ಆ ಬೇಸಿಗೆ ಮುಗಿಯುವವರೆಗೂ ನೀರಿನ ಸರದಿಯ ದಿನಗಳಲ್ಲಿ ಕರೀ ಛತ್ರಿ ಬಿಚ್ಚಿಕೊಂಡು ತೂಬಿನ ಮೇಲೆ ಕೂತೇ ಇರುತ್ತಿದ್ದರು. ಇಬ್ಬರೂ ತಪ್ಪದೆ ಅವರಿಗೆ ಚಹಾ ತಂದುಕೊಡಬೇಕಿತ್ತು. ಚಹಾ ತರುತ್ತ, ಒಯ್ಯುತ್ತ, ಇವರಿಗೂ ಮಲ್ಲಪ್ಪನಿಗೂ ಮತ್ತೆ ಮಾತುಕತೆ ಶುರುವಾಯಿತು. ಅವನಿಗೆ ಮಗಳು ಹುಟ್ಟಿದಾಗ ತೊಟ್ಟಿಲ ಶಾಸ್ತ್ರಕ್ಕೆ ನಾವೂ ಹೋದೆವು. ಆ ಮಧ್ಯಾಹ್ನ ನಮ್ಮ ಪೆಟ್ಟಿಗೆಯ ಒಂದು ಕೀಲಿ ತೆರೆದಿತ್ತೆಂಬ ಮಾತನ್ನು ಮಾವ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಇವರು ಒಮ್ಮೆ ಮಾತ್ರ ನನ್ನೆದುರು, "ಆವತ್ತ ನೀ ಕೊಟ್ಟಿದ್ರ..." ಎಂದು ಶುರುಮಾಡಿ ಎದ್ದು ಹೋದರು.

ವಯಸ್ಸಾದಂತೆ ಮಾವನ ಕಣ್ಣು ಮಂಜಾಯಿತು, ಕೈ ಸದಾ ನಡುಗತೊಡಗಿತು. ಒಂದು ಮುಂಜಾನೆ ಬಂದು, "ಶಾಂತವ್ವಾ, ಅರ್ಜಿ ಬರಿ. ಬಂದೂಕ ಒಪ್ಪಿಸಿ ಬರ್ತೀನಿ" ಎಂದರು. ಮಕ್ಕಳಿಗೆ ಅದು ಬೇಕಿರಲಿಲ್ಲ. ಸುರಪುರದ ಠಾಣೆಗೆ ನಾನೂ ಜೊತೆಗೆ ಹೋದೆ. ಅಲ್ಲಿದ್ದ ಹೊಸ ಸಾಹೇಬರು ಕುರ್ಚಿ ಕೊಟ್ಟು ಕೂರಿಸಿ, "ಯಾಕಜ್ಜ, ಲೈಸೆನ್ಸ್ ಇನ್ನೂ ಚಾಲ್ತಿ ಇದೆಯಲ್ಲ?" ಎಂದು ಕೇಳಿದರು.

"ಕಾಗದ ಚಾಲ್ತಿ ಅದರಿ, ಕೈ ಇಲ್ಲ" ಎಂದರು ಮಾವ.

ಸಾಹೇಬರು ಬಂದೂಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹಿಂದಿರುಗುವಾಗ ರಂಗಂಪೇಟೆಯಲ್ಲಿ ಮಾವ ಯಂಕವ್ವತ್ತಿಗೆ ಮಿರ್ಚಿ ಭಜಿ ಕಟ್ಟಿಸಿಕೊಂಡರು. ಮನೆಯಲ್ಲಿ ಅತ್ತಿ ಪೊಟ್ಟಣ ಬಿಚ್ಚುತ್ತ, "ಸವತಿ ಹೋದಳು ಅಂತ ಈಗರ ನನ್ನ ನೆನಪಾತಲ್ಲ" ಎಂದು ನಕ್ಕರು. ನಾವು ಮೂವರೂ ಅಂಗಳದಲ್ಲಿ ಕೂತು ತಿಂದೆವು. ಮಾವ ಅಷ್ಟು ಹಗುರಾಗಿ ಕೂತದ್ದನ್ನು ನಾನು ಮೊದಲ ಸಲ ನೋಡಿದೆ.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುತ್ತಲಿನ ಊರುಗಳ ಬಂದೂಕಿನವರೆಲ್ಲ ಬಂದಿದ್ದರು. ಹೊರುವ ಹೊತ್ತಿಗೆ ಮಲ್ಲಪ್ಪ ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಅತ್ತಿಗಿ, ಆ ನೀರಿನ ಜಗಳದಾಗ ಕಾಕಾ ನನಗ ಎಷ್ಟ ಬೈದಿದ್ದ. ಅವತ್ತಿಂದ ಸಾಯೋತನಕ ನಾ ಕಂಡಾಗೆಲ್ಲ ನನ್ನ ತಲಿ ಮುಟ್ಟಿ ಮಾತಾಡ್ಸತಿದ್ದ. ಯಾಕಂತ ನನಗ ತಿಳೀಲೇ ಇಲ್ಲ."

ಪಕ್ಕದಲ್ಲಿದ್ದ ಇವರು ಅದನ್ನು ಕೇಳಿಸಿಕೊಂಡರು. ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು, ಮಡಚಿ, ಚಟ್ಟದ ಬಿದಿರು ಒತ್ತದಂತೆ ಮಲ್ಲಪ್ಪನ ಹೆಗಲಿಗೆ ಇಟ್ಟರು.

ಇಬ್ಬರೂ ಮುಂದಿನ ಎರಡು ಬದಿಗೆ ನಿಂತು ಎತ್ತಿದರು. ಮಲ್ಲಪ್ಪ ಇವರಿಗಿಂತ ಎತ್ತರ. ಮಾವ ಒಂದು ಕಡೆ ವಾಲಬಾರದೆಂದು ಅವನು ಮೊಣಕಾಲು ಕೊಂಚ ಬಗ್ಗಿಸಿ, ಇವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದ. ಅವರು ಕಾಲುವೆಯ ಏರಿ ಹತ್ತಿ ಮರೆಯಾಗುವವರೆಗೂ ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ.