ನಿಮ್ಮ ಮನೆಯ ಡಿಶ್ ತಿರುಗಿಸಿದವನು

ಗಿರಿಜಾ, ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಟೆರೇಸಿನಲ್ಲಿ ನಿಮ್ಮ ಮನೆಯ ಟಿವಿ ಡಿಶ್ಶನ್ನು ತಿರುಗಿಸುತ್ತಿದ್ದವನು ನಾನು. ಮಂಗಗಳಲ್ಲ. ಗಾಳಿಯಲ್ಲ. ಇಕ್ಬಾಲ್ — ಅವನಂತೂ ಅಲ್ಲವೇ ಅಲ್ಲ. ಎಂಟು ಸಲವೋ ಒಂಬತ್ತು ಸಲವೋ, ಸ್ಪ್ಯಾನರ್ ಹಿಡಿದು ಮೇಲೆ ಹತ್ತಿ, ನಟ್ಟು ಸಡಿಲಿಸಿ, ಡಿಶ್ಶನ್ನು ಒಂದು ಹೆಬ್ಬೆರಳಿನಷ್ಟು ಪಕ್ಕಕ್ಕೆ ಸರಿಸಿ, ಮತ್ತೆ ಬಿಗಿ ಮಾಡಿ ಇಳಿದು ಬಂದಿದ್ದೇನೆ. ಆಮೇಲೆ ಕೈ ತೊಳೆದುಕೊಂಡು ನಿನ್ನ ಫೋನಿಗಾಗಿ ಕಾಯುತ್ತ ಕೂತಿದ್ದೇನೆ.

ಇಷ್ಟು ಬರೆಯಲು ನನಗೆ ಆರು ವರ್ಷ ಹಿಡಿಯಿತು.

ನೀವು ಕೆಳಗಿನ ಮನೆಗೆ ಬರುವ ಹೊತ್ತಿಗೆ ನನ್ನ ಹೆಂಡತಿ ಸುಮತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ ಎಂಬುದು ನಿನಗೆ ಗೊತ್ತು. ಆದರೆ ನನ್ನ ದಿನ ಹೇಗಿತ್ತೆಂದು ನಿನಗೆ ಗೊತ್ತಿರಲಿಲ್ಲ, ನಾನು ಯಾರಿಗೂ ಹೇಳಿದವನಲ್ಲ. ಆಫೀಸಿನಲ್ಲಿ ಫೈಲು, ಹಿಂದಿಯಲ್ಲಿ ನಾಲ್ಕು ಮಾತು. ಬಸ್ಸಿನಲ್ಲಿ ಕಂಡಕ್ಟರಿಗೆ ಸ್ಟಾಪಿನ ಹೆಸರು. ತರಕಾರಿ ಭಯ್ಯಾನಿಗೆ "ಆಧಾ ಕಿಲೋ". ಶನಿವಾರ, ಭಾನುವಾರ ಅದೂ ಇಲ್ಲ. ಒಂದು ಸೋಮವಾರ ಆಫೀಸಿನ ಲಿಫ್ಟಿನಲ್ಲಿ ಯಾರೋ ಏನೋ ಕೇಳಿದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ — ಎರಡು ದಿನದಿಂದ ಬಾಯಿ ತೆರೆದಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಸುಮತಿ ಹೋದ ಮೇಲೆ ನಮ್ಮ ಟಿವಿಯ ರೀಚಾರ್ಜನ್ನೂ ನಾನು ನಿಲ್ಲಿಸಿದ್ದೆ. ಅವಳ ಧಾರಾವಾಹಿಗಳ ಸದ್ದು ಅವಳಿಲ್ಲದೆ — ಹೋಗಲಿ, ಇದನ್ನು ಕಾರಣವೆಂದು ಹೇಳುತ್ತಿಲ್ಲ. ಹೀಗಿತ್ತು, ಅಷ್ಟೆ.

ಆಗ ನೀವು ಬಂದಿರಿ. ನೀನು, ಪ್ರಕಾಶ, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದ ಪುಟ್ಟ ಅನನ್ಯಾ. ಜೊತೆಗೆ ಪ್ರಕಾಶನ ತಂದೆ ಶಾಮಣ್ಣನವರು. ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ನೀರು ಬೇಕೆಂದು ಹೇಳಲೂ ಆಗದ ಅದೇ ಮನುಷ್ಯ ಹಾಡು ಕೇಳಿದರೆ ಜೊತೆಗೆ ಹಾಡುತ್ತಿದ್ದರು — ಅಕ್ಷರ ಅಕ್ಷರ ಬಿಡಿಸಿ, ಸ್ಪಷ್ಟವಾಗಿ. ಡಾಕ್ಟರು ನಿನಗೆ ಹೇಳಿದ್ದರಂತೆ, ದಿನಾ ಕನ್ನಡ ಹಾಡು ಕೇಳಿಸಿ, ಆ ದಾರಿಯಲ್ಲೇ ಮಾತು ವಾಪಸು ಬರಬಹುದು ಎಂದು. ಮೊಬೈಲಿನ ಚಿಕ್ಕ ಸದ್ದಿಗೆ ಅವರು ತಲೆ ಎತ್ತುತ್ತಿರಲಿಲ್ಲ. ಹಾಗಾಗಿ ಕನ್ನಡ ಚಾನೆಲ್ಲಿನಲ್ಲಿ ಬೆಳಿಗ್ಗೆ ಏಳಕ್ಕೆ ಬರುವ ಭಕ್ತಿಗೀತೆಗಳಿಗೆಂದೇ ನೀವು ಡಿಶ್ ಹಾಕಿಸಿದಿರಿ. ಹಾಕಿದವನು ಇಕ್ಬಾಲ್. ನಮ್ಮ ಸೆಕ್ಟರಿನ ಅರ್ಧ ಡಿಶ್ಶುಗಳು ಅವನ ಕೈಯವೇ. ಟೆರೇಸಿನ ಬೀಗದ ಕೈ ಮೇಲಿನ ಮನೆಯ ನನ್ನ ಹತ್ತಿರ ಇರುತ್ತಿತ್ತು, ಅವನು ಬಂದು ಇಸಿದುಕೊಂಡು ಹೋಗುತ್ತಿದ್ದ.

ಮೊದಲ ಸಲ ಕೆಟ್ಟದ್ದು ನಿಜವಾಗಿಯೂ ಗಾಳಿಯಿಂದ. ಮೇ ತಿಂಗಳ ಧೂಳಿನ ಬಿರುಗಾಳಿಗೆ ಡಿಶ್ ಸರಿದಿತ್ತು. ನೀನು ಮೇಲೆ ಬಂದು ಕೇಳಿದೆ, "ಅಣ್ಣಾ, ನಿಮಗೇನಾದ್ರೂ ಇದು ಗೊತ್ತಾಗುತ್ತಾ? ಮಾವ ಬೆಳಿಗ್ಗೆಯಿಂದ ಟಿವಿ ಕಡೆನೇ ನೋಡ್ಕೊಂಡು ಕೂತಿದ್ದಾರೆ." ನನಗೆ ಗೊತ್ತಿತ್ತು. ನಮ್ಮ ಡಿಶ್ಶನ್ನು ಎಷ್ಟೋ ಸಲ ನಾನೇ ಸರಿಮಾಡಿಕೊಂಡಿದ್ದೆ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ಲಿನ ಎರಡು ಪಟ್ಟಿ ಬರುತ್ತವೆ, ಮೇಲಿನದು ತುಂಬಿದ್ದರೂ ಪ್ರಯೋಜನವಿಲ್ಲ, ಕೆಳಗಿನ ಕ್ವಾಲಿಟಿ ಏರಬೇಕು ಎಂದು ನಿನಗೆ ತೋರಿಸಿ ಟೆರೇಸಿಗೆ ಹೋದೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಡಿಶ್ಶನ್ನು ಕೂದಲೆಳೆಯಷ್ಟು ಅಲುಗಿಸುತ್ತಿದ್ದರೆ, ನೀನು ಕೆಳಗಿನಿಂದ ಓದುತ್ತಿದ್ದೆ — "ಹತ್ತು ಅಣ್ಣಾ… ಹತ್ತೇ… ನಲವತ್ತು… ಅಯ್ಯೋ ಹೋಯ್ತು… ಅರವತ್ತು! ಬಂತು, ಬಂತು!" ಹಿಂದಿನಿಂದ ಅನನ್ಯಾಳ ಚಪ್ಪಾಳೆ ಕೇಳಿಸಿತು. ನನ್ನ ಯಾವ ಕೆಲಸಕ್ಕೂ ಯಾರೂ ಹಾಗೆ ಕೂಗಿದ್ದು ನನಗೆ ನೆನಪಿಲ್ಲ.

ಕೆಳಗೆ ಬಂದರೆ ನೀನು ಉಪ್ಪಿಟ್ಟು ಕೊಟ್ಟೆ, ಕಾಫಿ ಕೊಟ್ಟೆ. ಒಂದೂವರೆ ಗಂಟೆ ಕೂತಿದ್ದೆ. ನಿಮ್ಮ ಕಡೆಯ ಮಾತು, ನಮ್ಮ ಕಡೆಯ ಮಾತು, ಬರೀ ಕನ್ನಡ. ಮೇಲೆ ಹೋಗಿ ನನ್ನ ಮನೆಯ ಬಾಗಿಲು ತೆಗೆದಾಗ ಒಳಗಿನ ಮೌನ ಮುಖಕ್ಕೆ ಹೊಡೆಯಿತು.

ಆಮೇಲೆ ಎರಡು ವಾರ ಏನೂ ಕೆಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ನೀನು ನಗುತ್ತಿದ್ದೆ, ಆಫೀಸಿಗೆ ತಡವಾಯಿತೆಂದು ಓಡುತ್ತಿದ್ದೆ. ಸುಮ್ಮನೆ ನಿಮ್ಮ ಬಾಗಿಲು ತಟ್ಟಬಹುದಿತ್ತು. ತಟ್ಟಿದ್ದರೆ ನೀನು ಬನ್ನಿ ಎನ್ನುತ್ತಿದ್ದೆ, ಅದು ನನಗೆ ಈಗಲೂ ಖಂಡಿತ. ಆದರೆ ಏನೆಂದು ತಟ್ಟುವುದು? ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗಿ, ನನಗೆ ಮಾತಾಡಲು ಯಾರೂ ಇಲ್ಲ ಎನ್ನುವುದು — ಅದು ನನ್ನಿಂದಾಗಲಿಲ್ಲ. ನಟ್ಟು ಸಡಿಲಿಸುವುದು ಸುಲಭವಾಗಿತ್ತು.

ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಮೊದಲ ಸಲ ಮಾಡಿದೆ. ಏಳೂಕಾಲಿಗೆ ನಿನ್ನ ಫೋನು ಬಂತು. ಹಾಳು ಮಂಗಗಳು ಡಿಶ್ಶಿನ ಮೇಲೆ ಜೋತು ಬೀಳುತ್ತವೆ ಎಂದೆ, ನೀವು ನಂಬಿದಿರಿ. ಆಮೇಲೆ ಅದು ಅಭ್ಯಾಸವಾಯಿತು. ಎಲ್ಲಿಯವರೆಗೆಂದರೆ — ಒಮ್ಮೆ ಪ್ರಕಾಶ ತಾನೇ ಮೆನು ತೆರೆದು ನೋಡಲು ಹೊರಟಾಗ, ಮಗು ಏನಾದರೂ ಒತ್ತಿಬಿಟ್ಟರೆ ಚಾನೆಲ್ಲೆಲ್ಲ ಅಳಿಸಿಹೋಗುತ್ತವೆ, ಭದ್ರತೆಗೆ ಲಾಕ್ ಹಾಕುತ್ತೇನೆ ಎಂದು ಬಾಕ್ಸಿಗೆ ಪಿನ್ ಹಾಕಿದೆ. ಆ ನಾಲ್ಕು ಅಂಕಿಗಳನ್ನು ನಿಮಗೆ ಹೇಳಲಿಲ್ಲ. ನೀವೂ ಕೇಳಲಿಲ್ಲ. ನಿಮ್ಮ ಮನೆಯ ವಸ್ತುವಿಗೆ ನಾನು ಬೀಗ ಹಾಕಿ ಬೀಗದ ಕೈ ನನ್ನ ಜೇಬಿನಲ್ಲಿ ಇಟ್ಟುಕೊಂಡೆ, ನೀನು ನನಗೆ ಥ್ಯಾಂಕ್ಸ್ ಹೇಳಿದೆ.

ಇನ್ನು ಶಾಮಣ್ಣನವರ ವಿಷಯ. ಇದನ್ನು ಬಿಟ್ಟುಬಿಡಬೇಕೆಂದು ಎರಡು ಸಲ ಕಾಗದ ಹರಿದೆ. ಹಾಡು ಬರದ ಬೆಳಿಗ್ಗೆಗಳಲ್ಲಿ ಅವರು ಎಡಗೈಯಿಂದ ಕುರ್ಚಿಯ ತೋಳನ್ನು ಮೆಲ್ಲಗೆ ಹೊಡೆಯುತ್ತ ಕೂತಿರುತ್ತಿದ್ದರು. ಒಂದು ದಿನ ನಾನು ಒಳಗೆ ಬಂದಾಗ ಅವರ ಬಾಯಿ ತೆರೆದಿತ್ತು, ತುಟಿ ಹಾಡಿನ ಮೊದಲ ಅಕ್ಷರವನ್ನು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ, ಕಣ್ಣಿನಿಂದ ನೀರು ಇಳಿಯುತ್ತಿತ್ತು. ನೋಡಿದೆ. ನೋಡಿಯೂ ಹತ್ತು ದಿನದ ಮೇಲೆ ಮತ್ತೆ ಮೇಲೆ ಹತ್ತಿದೆ. ಗೊತ್ತಿಲ್ಲದೆ ಮಾಡಿದೆ ಎನ್ನುವಂತಿಲ್ಲ ಗಿರಿಜಾ.

ಕೊನೆಗೆ ಪ್ರಕಾಶ ರೋಸಿಹೋಗಿ ಇಕ್ಬಾಲನನ್ನು ಕರೆಸಿದ. ಅವನು ಹಳೆಯ ಬೋಲ್ಟುಗಳನ್ನು ತೆಗೆದು ಕಾಂಕ್ರೀಟಿಗೆ ಹೊಸ ಬೋಲ್ಟು ಹೊಡೆದು, ಕಂಬಕ್ಕೆ ತಂತಿ ಕಟ್ಟಿ ಭದ್ರ ಮಾಡಿ ಹೋದ. ಹೋಗುವಾಗ ಕಂಬಕ್ಕೂ ಡಿಶ್ಶಿನ ಹಿಡಿಕೆಗೂ ಸೇರಿಸಿ ಕೆಂಪು ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದ. ಅದನ್ನು ನಾನು ಗಮನಿಸಲಿಲ್ಲ. ಮುಂದಿನ ವಾರ ನಾನು ತಿರುಗಿಸಿದ ದಿನ ಪ್ರಕಾಶ ಮನೆಯಲ್ಲಿದ್ದ, ನನಗೆ ಫೋನು ಮಾಡುವ ಬದಲು ಸೀದಾ ಇಕ್ಬಾಲನಿಗೇ ಮಾಡಿದ. ನಾವು ಮೂವರೂ ಟೆರೇಸಿನಲ್ಲಿ ನಿಂತಿದ್ದೆವು. ಇಕ್ಬಾಲ್ ಕನ್ನಡಕ ಏರಿಸಿಕೊಂಡು ಗೆರೆ ನೋಡಿದ. ಕಂಬದ ಮೇಲಿನ ಅರ್ಧ ಒಂದು ಕಡೆ, ಹಿಡಿಕೆಯ ಮೇಲಿನ ಅರ್ಧ ಇನ್ನೊಂದು ಕಡೆ. ನಟ್ಟನ್ನು ಬೆರಳಿಂದ ತಿರುಗಿಸಲು ನೋಡಿದ. ಅಲುಗಲಿಲ್ಲ.

"ಸಾಬ್, ಯೇ ಬಂದರ್ ಕಾ ಕಾಮ್ ನಹೀ ಹೈ," ಎಂದ. ಮಂಗ ಎಳೆದಿದ್ದರೆ, ಗಾಳಿ ಹೊಡೆದಿದ್ದರೆ, ನಟ್ಟು ಸಡಿಲ ಇರಬೇಕಿತ್ತು. ಇದು ಬಿಗಿಯಾಗಿದೆ, ಆದರೂ ಡಿಶ್ ಸರಿದಿದೆ. ಯಾರೋ ಸ್ಪ್ಯಾನರ್ ಹಾಕಿ ಸಡಿಲಿಸಿ, ಸರಿಸಿ, ಮತ್ತೆ ಬಿಗಿ ಮಾಡಿದ್ದಾರೆ ಎಂದು ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ.

ಪ್ರಕಾಶ ನನ್ನ ಕಡೆ ತಿರುಗಿದ. "ಮೂರ್ತಿಯವರೇ, ಮೇಲೆ ಯಾರ್ಯಾರು ಬರ್ತಾರೆ?"

ಆಗ ನಾನು ಹೇಳಿದ ಮಾತು ಇದು — ಒಂದಕ್ಷರವೂ ಮರೆತಿಲ್ಲ — "ಕೀ ನನ್ನ ಹತ್ತಿರಾನೇ ಇರುತ್ತೆ. ಇವನನ್ನ ಬಿಟ್ಟು ಬೇರೆ ಯಾರಿಗೂ ನಾನು ಕೊಟ್ಟಿಲ್ಲ."

ಅದರಲ್ಲಿ ಸುಳ್ಳಿರಲಿಲ್ಲ. ಆ ಮಾತಿಗೇ ಎಷ್ಟೋ ದಿನ ಜೋತು ಬಿದ್ದಿದ್ದೆ, ನಾನು ಸುಳ್ಳು ಹೇಳಿಲ್ಲವಲ್ಲ ಎಂದು. ಪ್ರಕಾಶನ ಮುಖ ಕೆಂಪಾಯಿತು. ಮತ್ತೆ ಮತ್ತೆ ಕರೆಸಿಕೊಳ್ಳಲು ನೀನೇ ಕೆಡಿಸುತ್ತಿದ್ದೀಯಾ ಎಂದು ಇಕ್ಬಾಲನ ಮೇಲೆ ಹಿಂದಿಯಲ್ಲಿ ಕೂಗಾಡಿದ. ಇಕ್ಬಾಲನಿಗೆ ಕನ್ನಡ ಬರದು. ನಾನು ಏನು ಹೇಳಿದೆ ಎಂಬುದು ಪ್ರಕಾಶನ ಕೂಗಿನಿಂದಲೇ ಅವನಿಗೆ ತಿಳಿದಿರಬೇಕು. ನನ್ನನ್ನು ನೋಡಿದ, ತುಂಬ ಹೊತ್ತು. ನಾನು ನೀರಿನ ಟ್ಯಾಂಕಿನ ಕಡೆ ನೋಡುತ್ತಿದ್ದೆ. "ಅಚ್ಛಾ ಸಾಬ್," ಎಂದಷ್ಟೇ ಹೇಳಿ ಸಾಮಾನು ಚೀಲಕ್ಕೆ ತುಂಬಿಕೊಂಡು ಇಳಿದು ಹೋದ.

ಆ ಸಂಜೆಯೇ ಸೆಕ್ಟರಿನ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಬಂತು, ಈ ಮನುಷ್ಯನನ್ನು ಯಾರೂ ಒಳಗೆ ಬಿಡಬೇಡಿ ಎಂದು. ಪ್ರಕಾಶ ಕಂಪನಿಗೂ ದೂರು ಕೊಟ್ಟ. ಗೇಟಿನ ಕಾವಲುಗಾರರಿಗೂ ಹೇಳಿದ್ದಾಯಿತು. ಇಕ್ಬಾಲ್ ಮತ್ತೆ ನಮ್ಮ ಕಡೆ ಕಾಣಲಿಲ್ಲ.

ನಾನು ಹೆದರಿ ಟೆರೇಸಿಗೆ ಹೋಗುವುದನ್ನೇ ಬಿಟ್ಟೆ. ಅವನು ಹೊಡೆದ ಬೋಲ್ಟುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಅದಾದ ಮೇಲೆ ಎರಡು ಬೇಸಿಗೆಯ ಬಿರುಗಾಳಿಗೂ ಡಿಶ್ ಅಲುಗಲಿಲ್ಲ. ಪ್ರಕಾಶ ಎಲ್ಲರಿಗೂ ಹೇಳಿಕೊಂಡು ಬಂದ — "ನೋಡಿ, ಅವನು ಹೋದ ಮೇಲೆ ಒಂದು ಸಲಾನೂ ಕೆಟ್ಟಿಲ್ಲ!" ನಾನು ತಪ್ಪು ಮಾಡುವುದನ್ನು ನಿಲ್ಲಿಸಿದ್ದೇ ಅವನ ವಿರುದ್ಧ ಸಾಕ್ಷಿಯಾಯಿತು. ಬಾಯಿ ಬಿಟ್ಟಿದ್ದರೆ ಅವನು ಉಳಿಯುತ್ತಿದ್ದ, ಮುಚ್ಚಿಕೊಂಡು ಕೂತೆ. ಟಿವಿ ಸರಿಯಾಗಿದ್ದುದರಿಂದ ನಿಮ್ಮ ಮನೆಯ ಫೋನೂ ಬರಲಿಲ್ಲ.

ಶಾಮಣ್ಣನವರು ತೀರಿಕೊಂಡ ದಿನ ನಾನು ಬಂದಿದ್ದೆ. ನೀನು ಅಳುತ್ತ ನನ್ನ ಮುಂದೆ ನಿಂತು ಹೇಳಿದೆ, "ಅಣ್ಣಾ, ನೀವು ಪ್ರತಿ ಸಲ ಓಡಿ ಬಂದು ಸರಿ ಮಾಡ್ತಿದ್ರಿ. ನಿಮ್ಮಿಂದಾನೇ ಮಾವನಿಗೆ ಕೊನೇವರೆಗೂ ಹಾಡು ಸಿಕ್ತು." ಆಗಲಾದರೂ ಹೇಳಬೇಕಿತ್ತು. ತಲೆಯಾಡಿಸಿದೆ. ಆ ಹೊಗಳಿಕೆಯನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ಮೂರು ತಿಂಗಳಲ್ಲಿ ಪ್ರಕಾಶನಿಗೆ ಹೈದರಾಬಾದಿಗೆ ವರ್ಗವಾಯಿತು, ನೀವು ಹೋದಿರಿ.

ನಾನು ನಿವೃತ್ತನಾಗಿ ಕ್ವಾರ್ಟರ್ಸ್ ಬಿಟ್ಟು ಘಾಜಿಯಾಬಾದಿನ ಒಂದು ಸಣ್ಣ ಫ್ಲ್ಯಾಟಿಗೆ ಬಂದಿದ್ದೇನೆ. ಕಳೆದ ತಿಂಗಳು ಫ್ಯಾನ್ ರಿಪೇರಿಗೆಂದು ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಹೋದೆ. ಒಳಗೆ ಸ್ಟೂಲಿನ ಮೇಲೆ ಕೂತು ಮಿಕ್ಸಿ ಬಿಚ್ಚುತ್ತಿದ್ದವನು ಇಕ್ಬಾಲ್. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದ, ಎದ್ದು ನಿಂತ, ಆದರೆ ಕೂತುಕೊಳ್ಳಿ ಎನ್ನಲಿಲ್ಲ.

ಅಲ್ಲೇ ನಿಂತು ಹೇಳಿದೆ. ಡಿಶ್ ತಿರುಗಿಸಿದ್ದು ನಾನು ಎಂದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತಿತ್ತು ಸಾಬ್," ಎಂದ ಹಿಂದಿಯಲ್ಲಿ. "ಟೆರೇಸಿನಲ್ಲಿ ಆವತ್ತೇ ಗೊತ್ತಾಯಿತು. ಯಾಕೆ ಅನ್ನೋದು ಮಾತ್ರ ಗೊತ್ತಾಗಲಿಲ್ಲ. ನಾನು ನಿಮಗೇನು ಮಾಡಿದ್ದೆ?"

ಏನೂ ಮಾಡಿರಲಿಲ್ಲ. ಒಂದು ಲೋಟ ಕಾಫಿಗೆ, ಒಂದು ಗಂಟೆಯ ಮಾತಿಗೆ — ಅದನ್ನು ಅವನ ಮುಂದೆ ಬಾಯಿ ಬಿಟ್ಟು ಹೇಳಿದಾಗ ಎಷ್ಟು ಸಣ್ಣದಾಗಿ ಕೇಳಿಸಿತು! ಅವನು ನಗಲಿಲ್ಲ, ಬೈಯಲಿಲ್ಲ. "ಆ ಸೆಕ್ಟರಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೆ, ಈದ್‌ಗೆ ನಿಮ್ಮವರೇ ಎಷ್ಟೋ ಜನ ನನ್ನ ಮಗಳಿಗೆ ಬಟ್ಟೆ ಕೊಡುತ್ತಿದ್ದರು, ಆ ಬಾಗಿಲುಗಳೆಲ್ಲ ಒಂದೇ ಸಂಜೆ ಮುಚ್ಚಿದವು," ಎಂದ. ಕ್ಷಮಿಸು ಎಂದೆ. ಅವನು ಮಿಕ್ಸಿಯ ತಂತಿಯನ್ನು ಬೆರಳಿಗೆ ಸುತ್ತಿಕೊಂಡ.

"ನನಗ್ಯಾಕೆ ಹೇಳ್ತೀರಿ ಸಾಬ್? ನನಗೆ ಮೊದಲೇ ಗೊತ್ತು. ಗೊತ್ತಿಲ್ಲದವರಿಗೆ ಹೇಳಿ."

ಕ್ಷಮಿಸಿದೆ ಎನ್ನಲಿಲ್ಲ. ಹಾಗೆ ಅನ್ನಬೇಕಾದ್ದೂ ಇಲ್ಲ.

ಅದಕ್ಕೇ ಈ ಕಾಗದ. ಪ್ರಕಾಶನಿಗೆ ಓದಿ ಹೇಳು. ಅನನ್ಯಾಳಿಗೂ, ಅವಳಿಗೆ ಈಗ ತಿಳಿಯುವ ವಯಸ್ಸು. ಆ ಸೆಕ್ಟರಿನ ಗುಂಪಿನಿಂದ ನಾನಿನ್ನೂ ಹೊರಗೆ ಬಂದಿಲ್ಲ, ಹಳಬರು ಬಹಳ ಮಂದಿ ಅಲ್ಲೇ ಇದ್ದಾರೆ. ಇದನ್ನೇ ಹಿಂದಿಯಲ್ಲಿ ಬರೆದು ಇಟ್ಟಿದ್ದೇನೆ, ನನ್ನ ಪೂರ್ತಿ ಹೆಸರು ಹಾಕಿ. ಈ ಭಾನುವಾರ ಬೆಳಿಗ್ಗೆ ಗುಂಪಿಗೆ ಕಳಿಸುತ್ತೇನೆ. ಬೇರೆ ಯಾರ ಬಾಯಿಂದಲೋ ಅದು ನಿನಗೆ ತಿಳಿಯಬಾರದು, ನನ್ನಿಂದಲೇ ತಿಳಿಯಲಿ ಎಂದು ನಿನಗೆ ಮೊದಲು ಬರೆದೆ.